ಅಲೆ ಎದ್ದ ಹಸೆಮಣೆ

ಗುಂಡ್ಲುಪೇಟೆಯಲ್ಲಿ ಮನೆ ಮನೆಗೂ ಹೋಗಿ ಕರೆಂಟು ಮೀಟರು ಓದುವ ಶಾಂತಮಲ್ಲಪ್ಪನಿಗೆ ಈ ಲೋಕದಲ್ಲಿ ಆಸೆ ಅಂತ ಇದ್ದದ್ದು ಒಂದೇ. ಅವನ ಅಕ್ಕ ಸಣ್ಣಮ್ಮ ಅವನ ಮನೆಯಲ್ಲಿ ಒಂದು ಸಲ ಕೂರಬೇಕು.

ಇದೂ ಒಂದು ಆಸೆಯೇ ಎಂದು ಕೇಳುವವರು ಸಣ್ಣಮ್ಮನನ್ನು ನೋಡಿಲ್ಲ. ಆಕೆ ಉಡಿಗಾಲದಿಂದ ತಮ್ಮನ ಮನೆಗೆ ಬರುವುದನ್ನೇನೂ ಬಿಟ್ಟಿರಲಿಲ್ಲ. ಹಬ್ಬಕ್ಕೆ ಬರುತ್ತಿದ್ದಳು, ಯಾರಿಗಾದರೂ ಹುಷಾರಿಲ್ಲ ಎಂದರೆ ಬರುತ್ತಿದ್ದಳು, ಅವರೆಕಾಯಿ ಕಾಲದಲ್ಲಿ ಚೀಲ ಹೊತ್ತುಕೊಂಡು ಬರುತ್ತಿದ್ದಳು. ಬಂದವಳು ನಡುಮನೆಯ ಕಂಬಕ್ಕೆ ಒರಗಿ ನಿಲ್ಲುತ್ತಿದ್ದಳು. ನಿಂತೇ ಕಾಫಿ ಕುಡಿಯುತ್ತಿದ್ದಳು, ನಿಂತೇ ಅವರೆಕಾಯಿ ಸುಲಿಯುತ್ತಿದ್ದಳು, ಎಡಗೈಯಲ್ಲಿ ತಟ್ಟೆ ಹಿಡಿದು ನಿಂತೇ ಮುದ್ದೆ ನುಂಗುತ್ತಿದ್ದಳು. ಕುರ್ಚಿ ಎಳೆದರೂ ಚಾಪೆ ಹಾಸಿದರೂ "ಇರ್ಲಿ ಬುಡಪ್ಪ" ಎನ್ನುತ್ತಿದ್ದಳು. ಸಂಜೆ ಬಸ್ಸಿಗೆ ಹೊರಟೇಬಿಡುತ್ತಿದ್ದಳು. ಏಕೆಂದರೆ ಉಳಿದರೆ ಮಲಗಬೇಕಾಗುತ್ತದೆ, ಮಲಗಬೇಕೆಂದರೆ ಮೊದಲು ಕೂರಬೇಕಾಗುತ್ತದೆ.

ತಪ್ಪು ಶಾಂತಮಲ್ಲಪ್ಪನದೇ. ಅವ್ವ ತೀರಿಕೊಂಡಾಗ ಉಡಿಗಾಲದ ಮನೆಯ ಅಟ್ಟದಲ್ಲಿದ್ದ ಹಲಸಿನ ಹಸೆಮಣೆ ಅವನ ಪಾಲಿಗೆ ಬಂತು. ಗಂಡು ಹೆಣ್ಣು ಇಬ್ಬರೂ ಒಟ್ಟಿಗೆ ಕೂರುವಷ್ಟು ಉದ್ದದ ಮಣೆ. ಅವ್ವನಿಗೆ ಧಾರೆಯಾದದ್ದು ಅದರ ಮೇಲೆ, ಅಕ್ಕನಿಗೆ ಧಾರೆಯಾದದ್ದೂ ಅದರ ಮೇಲೆ. ಅದಕ್ಕೂ ಮುಂಚೆ, ಅವ್ವ ಹೊಲಕ್ಕೆ ಹೋದ ಹೊತ್ತಿನಲ್ಲಿ ಅಕ್ಕ ಅದನ್ನು ಕದ್ದು ಇಳಿಸಿ, ಒಂದು ತುದಿಯಲ್ಲಿ ತಾನು ಕೂತು, ಇನ್ನೊಂದು ತುದಿಯಲ್ಲಿ ತಮ್ಮನನ್ನು ಕೂರಿಸಿಕೊಂಡು ತುತ್ತು ತಿನ್ನಿಸುತ್ತಿದ್ದಳು. ಅಂಥ ಮಣೆಯನ್ನು ಶಾಂತಮಲ್ಲಪ್ಪ ಗುಂಡ್ಲುಪೇಟೆಗೆ ತಂದು, ಹೊಸ ಟೀವಿ ಕೊಂಡ ಸಡಗರದಲ್ಲಿ, ಬಡಗಿ ಕಾಳಾಚಾರಿಯ ಕೈಯಲ್ಲಿ ಸರಿಯಾಗಿ ನಡುವಿಗೆ ಗರಗಸ ಹಾಕಿಸಿ ಟೀವಿ ಸ್ಟ್ಯಾಂಡು ಮಾಡಿಸಿಬಿಟ್ಟ. ಗಂಡು ಕೂರುವ ಅರ್ಧ ಮೇಲೆ, ಅಲ್ಲಿ ಟೀವಿ. ಹೆಣ್ಣು ಕೂರುವ ಅರ್ಧ ಕೆಳಗೆ, ಅಲ್ಲಿ ಸೆಟ್‌ಟಾಪ್ ಬಾಕ್ಸು. ವೈರು ಹಾಯಲು ಅದಕ್ಕೊಂದು ತೂತು. ಮಗಳು ತೇಜಸ್ವಿನಿ ಆಗಿನ್ನೂ ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದಳು. ಹಸೆಮಣೆ ಎಂಬುದು ಮನೆಗೆ ಇನ್ನೊಮ್ಮೆ ಬೇಕಾಗುವ ಸಾಮಾನು ಎಂದು ಅವನ ತಲೆಗೆ ಹೋಗಲೇ ಇಲ್ಲ.

ಅಕ್ಕ ಬಂದು ನೋಡಿದಳು. ಟೀವಿಯಲ್ಲಿ ಯಾರದೋ ಮದುವೆ ನಡೆಯುತ್ತಿತ್ತು. ಆಕೆ ಬಯ್ಯಲಿಲ್ಲ, ಅಳಲಿಲ್ಲ.

"ಬಾ ಅಕ್ಕ, ಕೂತ್ಕ" ಎಂದ ತಮ್ಮ.

"ಎಲ್ ಕೂತ್ಕಳನ್ಲಾ? ನಾ ಕೂತಿದ್ ಜಾಗ್ದಲ್ಲಿ ಡಬ್ಬ ಕೂತದೆ" ಎಂದಳು ಅಕ್ಕ.

ಅಂದು ನಿಂತವಳು ನಿಂತೇ ಇದ್ದಳು.

ಈಗ ತೇಜಸ್ವಿನಿಗೆ ಮದುವೆ ಗೊತ್ತಾಯಿತು. ಹುಡುಗ ರೇವಂತ್, ಚಾಮರಾಜನಗರದ ಅರಿಸಿನ ವ್ಯಾಪಾರಿ ಗುರುಮಲ್ಲಯ್ಯನವರ ಮಗ. ಮನೆ ಮುಂದೆಯೇ ಚಪ್ಪರ, ಅಲ್ಲೇ ಧಾರೆ, ಸೋದರತ್ತೆಯಾಗಿ ಸಣ್ಣಮ್ಮನೇ ಮಣೆಯ ಮೇಲೆ ರಂಗೋಲಿಯ ಹಸೆ ಬರೆಯಬೇಕು. ಮಣೆ ಹೋದದ್ದಕ್ಕೆ ತಾನೇ ಅಕ್ಕ ನಿಂತದ್ದು, ಅದನ್ನು ಮೀರಿಸುವ ಮಣೆ ತಂದರೆ ಕೂರಲೇಬೇಕಲ್ಲ ಎಂದು ಶಾಂತಮಲ್ಲಪ್ಪ ಲೆಕ್ಕ ಹಾಕಿದ. ಮೀಟರಿನ ಲೆಕ್ಕದಲ್ಲಿ ಎಂದೂ ತಪ್ಪದವನು ಉಳಿದ ಎಲ್ಲ ಲೆಕ್ಕದಲ್ಲೂ ತಪ್ಪುತ್ತಿದ್ದ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಅವನ ಹೆಂಡತಿ ಶಿವಲಕ್ಷ್ಮಿಯ ತಮ್ಮ ಶಿವಮಲ್ಲು ಈರುಳ್ಳಿ ತುಂಬಿಕೊಂಡು ಕೇರಳಕ್ಕೆ ಲಾರಿ ಓಡಿಸುತ್ತಿದ್ದ.

"ತೇಗ, ಅಲಸು ಯಾರ್ ಮನೇಲಿಲ್ಲ ಭಾವ?" ಎಂದ ಅವನು. "ಸುಲ್ತಾನ್ ಬತ್ತೇರೀಲಿ ಪೌಲೋಸ್ ಅಂತ ಒಬ್ಬವ್ನೆ. ಚರ್ಚ್‌ಗೆ ಪಿಟೀಲ್ ಮಾಡ್ಕೊಡ್ತಾನೆ. ಯಾವ್ದೋ ರೆಸಾರ್ಟ್‌ನ ಊಟದ ಮೇಜಿಗೆ ಅಂತ ತರಿಸಿದ್ ಅಲಗೆ ಒಂದು ಅವನ್ತವ ಉಳ್ಕಂಡದೆ. ಮೇಪಲ್ ಅಂತ. ಅಡಗ್ನಲ್ಲಿ ಬಂದಿರ ಮರ ಕನ ಭಾವ!"

ಹಡಗು ಎಂದದ್ದೇ ತಡ, ಶಾಂತಮಲ್ಲಪ್ಪ ಮೀಟರು ಓದುವುದು ಕಡಿಮೆಯಾಗಿ ಮಾತಾಡುವುದು ಹೆಚ್ಚಾಯಿತು. ಪೇಟೆಯ ಯಾವ ಬೀದಿಯಲ್ಲಿ ಮೀಟರು ಡಬ್ಬಿಯ ಮುಚ್ಚಳ ತೆರೆದರೂ ಅವನ ಬಾಯಿಯೂ ಜೊತೆಗೇ ತೆರೆಯುತ್ತಿತ್ತು. "ಈ ಸಲ ಯೂನಿಟ್ ವಸಿ ಜಾಸ್ತಿ ಬಂದದೆ ಕನಮ್ಮ. ಅಂದಂಗೆ ನಮ್ ಹುಡ್ಗಿ ಮದ್ವೆಗೆ ಫಾರಿನ್ ಹಸೆಮಣೆ ಬತ್ತಾ ಅದೆ." ಬಿಲ್ಲು ನೋಡಿ ಬಯ್ಯಲು ಬಾಯಿ ತೆರೆದವರು ಮಣೆಯ ಸುದ್ದಿ ಕೇಳಿ ಹಾಗೇ ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಗೋಣಿತಾಟಿನಲ್ಲಿ ಸುತ್ತಿದ ಹಲಗೆ ಬಂದಿಳಿಯಿತು. ಶಿವಮಲ್ಲುವಿಗೆ ಇನ್ನೊಂದು ಲೋಡಿನ ಅವಸರ. "ಪೌಲೋಸ್ ಅದೇನೋ ಬಾಳ ಹೊತ್ತು ಏಳ್ತಿದ್ದ ಭಾವ. ಲೋಡಿಂಗ್ ಗಲಾಟೇಲಿ ನಾ ಕೇಳುಸ್ಕಳ್ನಿಲ್ಲ. ಒಳ್ಳೇದೇ ಏಳಿರ್ತಾನೆ ಬುಡು" ಎಂದು ಲಾರಿ ಹತ್ತಿ ಹೋದ.

ಬೀದಿಯೇ ನೆರೆದಿತ್ತು. ಶಾಂತಮಲ್ಲಪ್ಪ ಧಾರೆಯ ಅಂತರಪಟ ಸರಿಸುವ ಗಾಂಭೀರ್ಯದಿಂದ ಗೋಣಿತಾಟು ಸರಿಸಿದ. ಎರಡು ಬೆರಳು ದಪ್ಪದ, ಕಾಸಿದ ಬೆಣ್ಣೆಯ ಬಣ್ಣದ ಹಲಗೆ. ಅದರ ಮೈತುಂಬ, ಈ ತುದಿಯಿಂದ ಆ ತುದಿಗೆ, ಅಲೆ. ಗಾಳಿ ಬೀಸಿದಾಗ ಕೆರೆಯ ಮೇಲೆ ಏಳುತ್ತದಲ್ಲ, ಅಂಥ ಅಡ್ಡ ಅಡ್ಡ ಅಲೆ. ನೋಡುವವರು ತಲೆ ಅಲ್ಲಾಡಿಸಿದರೆ ಅದೂ ಅಲ್ಲಾಡುತ್ತಿತ್ತು.

ಶಿವಲಕ್ಷ್ಮಿ ಬಗ್ಗಿ ನೋಡಿ, "ಇದ್ಯಾಕ್ರೀ ಇಂಗ್ ಸುಕ್ಕಾಗದೆ? ಅಡಗ್ನಲ್ಲಿ ನೀರ್ಗೀರ್ ನುಗ್ತಾ?" ಎಂದಳು.

ಶಾಂತಮಲ್ಲಪ್ಪ ಅಂಗೈಯಿಂದ ಸವರಿದ. ಮಟ್ಟವಾಗಿತ್ತು. ಕಣ್ಣಿಂದ ನೋಡಿದ. ಅಲೆಯಿತ್ತು. ಕಣ್ಣು ಮುಚ್ಚಿ ಸವರಿದ, ಮಟ್ಟ. ಕಣ್ಣು ಬಿಟ್ಟ, ಅಲೆ. ದಿನವಿಡೀ ಅಂಕಿ ನೋಡಿ ಅನ್ನ ಸಂಪಾದಿಸುವ ಮನುಷ್ಯ ಕೈಯನ್ನು ನಂಬುತ್ತಾನೆಯೇ? ಕಣ್ಣನ್ನೇ ನಂಬಿದ.

ಪಕ್ಕದ ಮನೆಯ ದೊರೆಸ್ವಾಮಿ ಕಂಟ್ರಾಕ್ಟರೊಬ್ಬರ ಕೈಕೆಳಗೆ ರಸ್ತೆ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಅವರು ಒಳಗೆ ಹೋಗಿ ರಸಮಟ್ಟ ತಂದರು. ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಆ ಪಟ್ಟಿಯನ್ನು ಹಲಗೆಯ ಮೇಲೆ ಎಲ್ಲಿಟ್ಟರೂ ಗುಳ್ಳೆ ನಟ್ಟ ನಡುವೆ ನಿಂತಿತು. ದೊರೆಸ್ವಾಮಿ ಅದನ್ನು ಎತ್ತಿ ಕುಲುಕಿದರು, ಉಫ್ ಎಂದು ಊದಿದರು, ಮತ್ತೆ ಇಟ್ಟರು. ಗುಳ್ಳೆ ನಡುವೆಯೇ ನಿಂತಿತ್ತು.

"ಗುಳ್ಳೆ ಕೆಟ್ಟೋಗದೆ ಕಣಪ್ಪ" ಎಂದು ತೀರ್ಪು ಕೊಟ್ಟರು. "ನಾನ್ ಮಾಡ್ಸಿದ್ ರೋಡೇ ಇದುಕ್ಕಿಂತ ಮಟ್ಟವಾಗದೆ. ನಿಂಗ್ ಟೋಪಿ ಹಾಕವ್ರೆ."

ರೋಡಿನ ಮಾತು ಸುಳ್ಳೆಂದು ಆ ರಸ್ತೆಯಲ್ಲಿ ಬಸ್ಸು ಹತ್ತಿದ ಎಲ್ಲರಿಗೂ ಗೊತ್ತಿತ್ತು. ಟೋಪಿಯ ಮಾತನ್ನು ಮಾತ್ರ ಎಲ್ಲರೂ ನಂಬಿದರು.

ಕಾಳಾಚಾರಿಗೆ ಹೇಳಿ ಕಳಿಸಲಾಯಿತು. ಅವನು ಬಂದು, ಹಲಗೆಯನ್ನು ವಾರೆಗಣ್ಣಿನಿಂದ ನೋಡಿ, "ಇಂಥ ಡೊಂಕ ಎಷ್ಟ್ ನೋಡಿಲ್ಲ" ಎಂದು ಉಜ್ಜುಗೊರಡು ಹೊರತೆಗೆದ. ಮಾಮೂಲಿ ಮರದಲ್ಲಿ ಸುರುಳಿ ಸುರುಳಿಯಾಗಿ ಏಳುವ ಹೊಟ್ಟು ಇಲ್ಲಿ ಚಕ್ಕೆ ಚಕ್ಕೆಯಾಗಿ ಕಿತ್ತು ಬಂತು. ಕಿತ್ತಲ್ಲಿ ಕುಳಿ ಬಿತ್ತು. ಅಲೆ ಕಣ್ಣಿಗಷ್ಟೇ ಇದ್ದ ಹಲಗೆಗೆ ಈಗ ಕೈಗೂ ಸಿಗುವ ಗುಂಡಿಗಳಾದವು. ಗುಂಡಿ ಹೋಗಿಸಲು ಇನ್ನಷ್ಟು ಉಜ್ಜಿದ. ಗುಂಡಿ ಹೋಯಿತು, ಅಲೆ ಇನ್ನೂ ಚೆನ್ನಾಗಿ ಎದ್ದು ನಿಂತಿತು.

"ಏನ್ ಆಚಾರಿ?"

"ಇನ್ನೊಂದ್ ಕೈ ನೋಡನ ಇರಿ." ಕಾಳಾಚಾರಿಗೆ ಆಗ ಸಣ್ಣಗೆ ಬೆವರು ಬಂದಿತ್ತು.

ಇನ್ನೊಂದು ಕೈ ನೋಡಿದ, ಅದರ ಮೇಲೆ ಮತ್ತೊಂದು ಕೈ ನೋಡಿದ. ಉಪ್ಪುಕಾಗದ ಹಾಕಿ ಉಜ್ಜಿದ. ಶಿವಲಕ್ಷ್ಮಿ ತನ್ನದೂ ಇರಲಿ ಎಂದು ಹರಳೆಣ್ಣೆ ಸವರಿದಳು. ಎಣ್ಣೆ ಬಿದ್ದದ್ದೇ ಅಲೆಗಳು ಒಳಗಿಂದ ಬೆಳಕು ಹಚ್ಚಿದ ಹಾಗೆ ಹೊಳೆದು, ಕಾಳಾಚಾರಿ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ದೊರೆಸ್ವಾಮಿಯ ಮನೆಯ ಕೋಳಿಯೊಂದು ಹಲಗೆಯ ತುದಿಗೆ ಬಂದು, ಕಾಲೆತ್ತಿ, ಸ್ವಲ್ಪ ಹೊತ್ತು ಯೋಚಿಸಿ, ಸುತ್ತು ಬಳಸಿ ಹೋಯಿತು. ಇದಾದ ಮೇಲೆ ಬೀದಿಯಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

ಮೀಟರು ಓದಲು ಹೋದಲ್ಲೆಲ್ಲ ಈಗ ಜನರೇ ಮೊದಲು ಬಾಯಿ ತೆರೆಯುತ್ತಿದ್ದರು. "ಅಲೆ ಇಳೀತಾ ಮಲ್ಲಪ್ಪ?" "ಇಸ್ತ್ರಿಪೆಟ್ಗೆ ಇಕ್ಕಿ ನೋಡುದ್ರಾ?" ಶಾಂತಮಲ್ಲಪ್ಪ ಯೂನಿಟ್ಟು ಬರೆದುಕೊಂಡು ತಲೆ ತಗ್ಗಿಸಿ ಮುಂದಿನ ಮನೆಗೆ ಹೋಗುತ್ತಿದ್ದ.

ಸುದ್ದಿ ಉಡಿಗಾಲಕ್ಕೂ ಮುಟ್ಟಿತು. ಅಕ್ಕ ಫೋನು ಮಾಡಿದಳು.

"ಏನ್ಲಾ, ಮಣೆ ಒಳಗೆ ನೀರ್ ಅರೀತದಂತೆ?"

"ಇಲ್ಲ ಕನಕ್ಕ, ಜನ ಸುಮ್ನೆ ಏಳ್ತರೆ."

"ಮದ್ವೆಗ್ ಮುಂಚೆ ಬಿಸ್ಲಿಗಿಕ್ಕಿ ಒಣಗ್ಸು."

ಶಾಂತಮಲ್ಲಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಮಣೆ ಸರ್ಯಾದ್ರೆ... ಬಂದು ಕೂತ್ಕತೀಯಾ ಅಕ್ಕ?"

ಅತ್ತ ಕಡೆಯಿಂದ ಕೋಳಿ ಕೂಗಿದ್ದು ಕೇಳಿಸಿತು, ಯಾರೋ ಬೋರ್ ಆನ್ ಮಾಡಿದ್ದು ಕೇಳಿಸಿತು. "ಬತ್ತೀನಿ" ಎಂದಳು ಅಕ್ಕ. ಕೇಳಿದ್ದರಲ್ಲಿ ಅರ್ಧಕ್ಕೆ ಮಾತ್ರ ಉತ್ತರ ಬಂದಿತ್ತು. ಇನ್ನರ್ಧಕ್ಕೆ ಹಂಬಲಿಸಿ ಅವನು ಕಟ್ಟಾದ ಫೋನನ್ನು ಬಹಳ ಹೊತ್ತು ಕಿವಿಯಲ್ಲೇ ಇಟ್ಟುಕೊಂಡಿದ್ದ.

ಇಷ್ಟರಲ್ಲಿ ಬೀಗರು ಗುರುಮಲ್ಲಯ್ಯನವರು ಚಪ್ಪರದ ಮಾತಿಗೆಂದು ಬಂದರು. ಅರಿಸಿನದ ಕೊಂಬನ್ನು ಮುರಿದು ನೋಡದೆ ಚೀಲ ಕೊಳ್ಳದ ಮನುಷ್ಯ. ಮಣೆಯನ್ನು ನೋಡಿದ್ದೇ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ನೋಡಿ ಬೀಗ್ರೇ, ನಾನು ಮೂಢನಂಬಿಕೆ ಇರೋನಲ್ಲ" ಎಂದರು. ಹೀಗೆ ಶುರುಮಾಡುವವರನ್ನು ಕಂಡರೆ ಶಾಂತಮಲ್ಲಪ್ಪನಿಗೆ ಮೊದಲಿಂದಲೂ ಹೆದರಿಕೆ. "ಆದ್ರೆ ನಾಳೆ ಹುಡ್ಗ ಹುಡ್ಗಿ ಒಂದ್ ಮಾತು ಜಗಳ ಆಡುದ್ರೂ ಜನ ಏನಂತರೆ? ಅಲೆ ಮೇಲೆ ಕೂರ್ಸಿದ್ರು, ತೇಲ್ತಾ ಅವ್ರೆ ಅಂತರೆ. ಮಟ್ಟ ಮಾಡ್ಸಿ. ಇಲ್ಲಾಂದ್ರೆ ನಮ್ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರ್ತೀನಿ."

ಪ್ಲಾಸ್ಟಿಕ್ ಕುರ್ಚಿಯ ಮೇಲೆ ಧಾರೆ! ಅಕ್ಕ ಅದನ್ನು ನೋಡಿದರೆ ಇನ್ನು ನಿಲ್ಲುವುದಕ್ಕೂ ಬರುವುದಿಲ್ಲ. ಶಾಂತಮಲ್ಲಪ್ಪ ಹಲಗೆಯನ್ನು ಆಟೋದಲ್ಲಿ ಅಡ್ಡ ಹಾಕಿಕೊಂಡು ಮರದ ಮಿಲ್ಲಿಗೆ ಓಡಿದ. ಅಲ್ಲಿನ ಮೆಷಿನ್ನು ಒಂದೊಂದು ಸಲ ಹಾಯಿಸಿದಾಗಲೂ ಅಲೆ ಹೋಗಲಿಲ್ಲ, ಹಲಗೆ ಹೋಯಿತು. ಎರಡು ಬೆರಳಿದ್ದದ್ದು ಒಂದು ಬೆರಳಾಯಿತು. "ಇನ್ನೊಂದ್ಸಲ" ಎಂದ ಶಾಂತಮಲ್ಲಪ್ಪ. ಅರ್ಧ ಬೆರಳಾಯಿತು. "ಇನ್ನೊಂದೇ ಒಂದ್ಸಲ" ಎಂದ. ಮನೆಗೆ ತರುವಾಗ ಆಟೋ ಬೇಕಾಗಲಿಲ್ಲ, ಬಗಲಲ್ಲಿ ಸಿಕ್ಕಿಸಿಕೊಂಡು ನಡೆದು ಬಂದ. ಗೋಡೆಗೆ ಒರಗಿಸಿದರೆ ಫ್ಯಾನಿನ ಗಾಳಿಗೆ ಹಲಗೆ ಬಳುಕುತ್ತಿತ್ತು. ಅಲೆಗಳು ಮಾತ್ರ ಹುಟ್ಟಿದ ದಿನದಷ್ಟೇ ಲಕ್ಷಣವಾಗಿದ್ದವು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಶಿವಮಲ್ಲು ಲಾರಿ ನಿಲ್ಲಿಸಿ ನಗುತ್ತ ಒಳಗೆ ಬಂದ. "ಪೌಲೋಸ್ ಕೇಳ್ತಾನೇ ಅವ್ನೆ ಭಾವ. ಅಲೆ ಎಂಗ್ ಬಂದದೆ, ಪಾಲೀಶ್ಗೆ ಚೆಂದಾಗ್ ಎದ್ದದಾ ಅಂತ."

ನಡುಮನೆಯಲ್ಲಿದ್ದ ಶಾಂತಮಲ್ಲಪ್ಪ, ಕಾಳಾಚಾರಿ, ದೊರೆಸ್ವಾಮಿ ಮೂವರೂ ಗೋಡೆಗೆ ಒರಗಿದ್ದ ಹಲಗೆಯತ್ತ ತಿರುಗಿದರು.

ಶಿವಮಲ್ಲು ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಅಲೆ ತೆಗೆಯಲು ಪಟ್ಟ ಪಾಡನ್ನೆಲ್ಲ ಶಾಂತಮಲ್ಲಪ್ಪ ಹೇಳಿ ಮುಗಿಸಿದಾಗ ಫೋನಿನಿಂದ "ಎಂಟೆ ಕರ್ತಾವೇ!" ಎಂದು ದೇವರನ್ನು ಕರೆದ ಉದ್ಗಾರ ಬಂತು. ಅರ್ಧ ಮಲೆಯಾಳ, ಅರ್ಧ ಲಾರಿಯವರಿಂದ ಕಲಿತ ಕನ್ನಡದಲ್ಲಿ ಪೌಲೋಸ್ ಕೂಗಿದ.

"ಅಲೆ ಮೇಲೆ ಅಲ್ಲ ಚೇಟ್ಟಾ, ಒಳಗೆ! ಮರ ವರ್ಷ ವರ್ಷ ನಿಂತು ನಿಂತು ಒಳಗೆ ನಾರು ಬಳುಕುತ್ತೆ. ಎಲ್ಲಾ ಮರಕ್ಕೂ ಬರಲ್ಲ. ಎಷ್ಟು ಕೆತ್ತಿದರೂ ಅಷ್ಟು ಕಾಣುತ್ತೆ. ಪಿಟೀಲಿನ ಬೆನ್ನಿಗೆ ಈ ಅಲೆ ಬೇಕು ಅಂತ ಜನ ಹುಡುಕಿ ಹುಡುಕಿ ಸಾಯ್ತಾರೆ, ನೀವು ಅದನ್ನೇ ಒರೆಸಿದ್ರೋ?"

ನಿಂತು ನಿಂತು ಒಳಗೆ ಬಳುಕುತ್ತದೆ ಎಂಬ ಮಾತಿನಲ್ಲಿ ಶಾಂತಮಲ್ಲಪ್ಪ ಸಿಕ್ಕಿಕೊಂಡ. ಮುಂದಿನದು ಅವನಿಗೆ ಕೇಳಿಸಲಿಲ್ಲ. ಕಣ್ಣು ನಡುಮನೆಯ ಕಂಬದ ಮೇಲೆ ನೆಟ್ಟಿತು. ಅಕ್ಕ ಒರಗಿ ಒರಗಿ ಅಲ್ಲಿ ಬಣ್ಣ ಸವೆದು, ಅವಳ ಭುಜದ ಎತ್ತರಕ್ಕೆ ಒಂದು ಮಚ್ಚೆಯಾಗಿತ್ತು. ಅವನಿಗೆ ಅಳು ಬಂತು. ಮದುವೆ ಮನೆಯ ಯಜಮಾನನಾದ್ದರಿಂದ ಕೆಮ್ಮಿದ.

"ಈಗ ಎಷ್ಟು ದಪ್ಪ ಉಂಟು?" ಫೋನು ಕೇಳಿತು.

"ನಮ್ ಟೀವಿ ರಿಮೋಟ್‌ಗಿಂತ ತೆಳ್ಳುಗೆ" ಎಂದ ಕಾಳಾಚಾರಿ ಮೆಲ್ಲಗೆ.

ಪೌಲೋಸ್ ಇನ್ನೊಮ್ಮೆ ತನ್ನ ಕರ್ತನನ್ನು ಕರೆದ. "ಇನ್ನು ಅದೊಂದೇ ಆಳನ್ನು ಹೊರಲ್ಲ. ಕೆಳಗೆ ಗಟ್ಟಿ ಮರ ಕೊಡು, ಮೇಲೆ ಇದನ್ನು ಅಂಟಿಸು. ದೊಡ್ಡ ದೊಡ್ಡ ಮೇಜೆಲ್ಲ ಹಾಗೇ. ಹೊರೋ ಮರ ಕೆಳಗೆ, ಹೊಳೆಯೋ ಮರ ಮೇಲೆ."

"ಚೆನ್ನಾಗಿ ಒಣಗಿರ ಅಲಸೇ ಬೇಕು" ಎಂದ ಕಾಳಾಚಾರಿ. "ಅಸಿ ಮರ ಕೊಟ್ರೆ ನಾಳೆಗೇ ಬಗ್ಬುಡ್ತದೆ. ಇಷ್ಟಗಲದ್ದು ಇವತ್ತು ಎಲ್ ತರನ?"

ಈಗ ಮಾತಾಡುತ್ತಿದ್ದದ್ದು ಟೀವಿ ಒಂದೇ. ಮೊದಲು ಕಾಳಾಚಾರಿಯ ಕತ್ತು ಆ ಕಡೆ ತಿರುಗಿತು, ಆಮೇಲೆ ದೊರೆಸ್ವಾಮಿಯದು, ಆಮೇಲೆ ಶಿವಮಲ್ಲುವಿನದು.

ಶಾಂತಮಲ್ಲಪ್ಪನಿಗೆ ಸಿಟ್ಟು ಬಂತು. "ನನ್ ಮಾನ ಓಯ್ತಾ ಅದೆ, ನೀವ್ ಸೀರಿಯಲ್ ನೋಡ್ತಾ ಇದ್ದೀರಲ್ಲ?"

ಅಡುಗೆಮನೆಯಿಂದ ಶಿವಲಕ್ಷ್ಮಿ ಬಂದಳು. ಸೀರಿಯಲ್ಲಿನ ಹುಡುಗಿಗೆ ತನ್ನ ಹೆತ್ತ ತಾಯಿ ಯಾರೆಂದು ಇನ್ನೇನು ಗೊತ್ತಾಗುವುದರಲ್ಲಿತ್ತು. ಆ ಗಳಿಗೆಗಾಗಿ ಶಿವಲಕ್ಷ್ಮಿ ಮಳೆಗಾಲದಿಂದ ಕಾದಿದ್ದಳು. ಅವಳು ಹೋಗಿ ಟೀವಿ ಆರಿಸಿದಳು, ಎರಡೂ ಕೈಯಲ್ಲಿ ಎತ್ತಿ ನೆಲದ ಮೇಲಿಟ್ಟಳು, ಸೆಟ್‌ಟಾಪ್ ಬಾಕ್ಸಿನ ವೈರು ಕಿತ್ತಳು.

"ನಿಮ್ಮಕ್ಕನ್ ಮಣೆ ಇಲ್ಲೇ ಅದೆ ಕಣ್ರೀ" ಎಂದಳು.

ಆ ಹೊತ್ತಿನಿಂದ ಸಂಜೆಯವರೆಗೆ ಕಾಳಾಚಾರಿ ತಲೆ ಎತ್ತಲಿಲ್ಲ. ತಾನೇ ಕುಯ್ದ ಎರಡು ಅರ್ಧಗಳನ್ನು ಎದುರು ಬದುರು ಹೊಂದಿಸಿ, ಕೆಳಗೆ ಅಡ್ಡಪಟ್ಟಿ ಕೊಟ್ಟು, ಗೂಟ ಹೊಡೆದು, ಗೋಂದು ಬಳಿದು, ಮೇಲೆ ಮೇಪಲ್ಲಿನ ಹಾಳೆ ಹಾಸಿದ. ಅದು ಕೂರಬೇಕಲ್ಲ, ಮೇಲೆ ಭಾರ ಬೇಕಿತ್ತು. ದೊರೆಸ್ವಾಮಿ ತಾವಾಗಿಯೇ ಬಂದು ಪೇಪರ್ ಹಿಡಿದು ಅದರ ಮೇಲೆ ಕೂತರು, ಪಕ್ಕದಲ್ಲಿ ಅಕ್ಕಿ ಮೂಟೆ ಇಟ್ಟರು. ಊರಿಗೆಲ್ಲ ಅಲೆಯೆಂದು ಸಾರಿದವರು ಅದರ ಮೇಲೆ ಸಂಜೆಯವರೆಗೆ ಕದಲದೆ ಕೂತಿದ್ದರು. ಅವರ ಬಾಳಿನಲ್ಲಿ ಇಷ್ಟು ಮಟ್ಟವಾದ ಕೆಲಸ ಇನ್ನೊಂದು ಆಗಿರಲಾರದು.

ಮದುವೆಯ ಬೆಳಿಗ್ಗೆ ಚಪ್ಪರದ ತೆಂಗಿನ ಗರಿಯ ಸಂದಿಯಿಂದ ಬಿಸಿಲು ಬಿದ್ದು ಮಣೆಯ ಮೇಲೆ ಅಲೆಗಳು ಓಡಾಡುತ್ತಿದ್ದವು. ಸಣ್ಣಮ್ಮ ಮೊದಲ ಬಸ್ಸಿಗೇ ಬಂದು, ರೂಢಿಯಂತೆ ಚಪ್ಪರದ ಕಂಬಕ್ಕೆ ಒರಗಿ ನಿಂತಳು. ಗುರುಮಲ್ಲಯ್ಯನವರು ಮಣೆ ನೋಡಿ ಮುಖ ಗಂಟಿಕ್ಕಿ, "ಬೀಗ್ರೇ, ನಾನು ಅವತ್ತೇ ಏಳಿದ್ದೆ..." ಎಂದು ಬಾಯಿ ತೆರೆದರು. ಅಷ್ಟರಲ್ಲಿ ಮಂತ್ರ ಹೇಳಲು ಬಂದಿದ್ದ ಅಯ್ನೋರು ಕೂಗಿದರು, "ಸೋದರತ್ತೆ ಬಂದು ಹಸೆ ಬರೀರಮ್ಮ!"

ಸಣ್ಣಮ್ಮ ಬಂದು ಬಗ್ಗಿದಳು. ಮಣೆಯ ಮೇಲೆ ಮೆಲ್ಲಗೆ ಕೈಯಿಟ್ಟು, ಎತ್ತಿ, ಅಂಗೈ ಒದ್ದೆಯಾಗಿದೆಯೇ ಎಂದು ತಿರುಗಿಸಿ ನೋಡಿಕೊಂಡಳು. ಆಮೇಲೆ, ಯಾರೂ ತಡೆಯುವ ಮೊದಲು, ಮಣೆಯನ್ನು ಮಗುಚಿ ಹಾಕಿದಳು.

ಅಡಿಯಲ್ಲಿ ಹಳೆಯ ಹಲಸು ಕಪ್ಪಿಟ್ಟು ಕೂತಿತ್ತು. ನಡುವೆ ಗರಗಸದ ಗೆರೆ. ಒಂದು ಪಕ್ಕದಲ್ಲಿ ತೂತು. ಅವಳು ಆ ತೂತಿನೊಳಗೆ ಬೆರಳಿಟ್ಟಳು.

"ಇದ್ಯಾನ್ಲಾ?"

"ವೈರಿಂದು ಕನಕ್ಕ. ಟೀವೀದು."

"ನಾ ಕೂತಿದ್ ಕಡೆಗೇ ಕೊರ್ದಿದ್ದೀಯ."

"ಗೊತ್ತಾಗ್ನಿಲ್ಲ ಕನಕ್ಕ" ಎಂದ ಶಾಂತಮಲ್ಲಪ್ಪ. "ಅವತ್ತು ನಂಗೇನೂ ಗೊತ್ತಾಗ್ನಿಲ್ಲ."

ಸಣ್ಣಮ್ಮ ಮಣೆಯನ್ನು ಮತ್ತೆ ಮೇಲ್ಮುಖ ಮಾಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಕೈ ನೆಲಕ್ಕೂರಿ, "ಅಪ್ಪಾ ಮಾದಪ್ಪಾ" ಎಂದು, ಹೆಣ್ಣು ಕೂರುವ ಕಡೆ ಕೂತುಬಿಟ್ಟಳು.

ವಾಲಗದವರು ಉಸಿರು ಮರೆತರು. ಅತ್ತ ತೇಜಸ್ವಿನಿ ಹೊಸಿಲಿನಲ್ಲಿ, ಇತ್ತ ರೇವಂತ್ ಚಪ್ಪರದ ಬಾಗಿಲಲ್ಲಿ, ಹಾರ ಹಿಡಿದು ನಿಂತಿದ್ದರು. "ಅಮ್ಮಾ, ಹೆಣ್ಣು ಗಂಡು ಬರೋ ಹೊತ್ತಾಯ್ತು" ಎಂದರು ಅಯ್ನೋರು. "ಮೂರ್ತ ಮೀರ್ತದೆ! ಯಾರಾದ್ರೂ ಆಯಮ್ಮನ್ನ ಏಳುಸ್ರಪ್ಪ" ಎಂದರು ಗುರುಮಲ್ಲಯ್ಯನವರು.

ಸಣ್ಣಮ್ಮನಿಗೆ ಯಾವುದೂ ಕೇಳಿಸಿದಂತಿರಲಿಲ್ಲ. ಪಕ್ಕದ ಖಾಲಿ ಜಾಗದ 'ನೀರನ್ನು' ಅಂಗೈಯಲ್ಲಿ ಸವರುತ್ತ ಕೂತಿದ್ದಳು. ಚಿಕ್ಕಂದಿನಲ್ಲಿ ತಮ್ಮ ಕೂರುತ್ತಿದ್ದ ಜಾಗ ಅದು.

"ನಿಂತ್ಕಂಡು ನಿಂತ್ಕಂಡು ಕಾಲೆಲ್ಲ ಬಿದ್ದೋದೊ ಕಣ್ಲಾ ಮಲ್ಲಾ" ಎಂದಳು. "ವಸಿ ಹೊತ್ತು ಕೂತಿರ್ತೀನಿ."

ಹುಟ್ಟಿದಾರಭ್ಯ ಯಾರ ಎದುರೂ ಗಟ್ಟಿಯಾಗಿ ಮಾತಾಡದ ಶಾಂತಮಲ್ಲಪ್ಪ ಬೀಗರಿಗೆ ಅಡ್ಡವಾಗಿ ಬಂದು ನಿಂತ.

"ಅಯ್ನೋರೇ" ಎಂದ, "ಇನ್ನೊಂದು ಮಂತ್ರ ಏಳಿ."

"ಯಾವುದಪ್ಪ?"

"ಯಾವ್ದಾದ್ರೂ ಸರಿ. ಉದ್ದದ್ ಏಳಿ."

ಅಯ್ನೋರು ಒಮ್ಮೆ ಸಣ್ಣಮ್ಮನನ್ನು ನೋಡಿ, ಕಣ್ಣು ಮುಚ್ಚಿ, ತಮಗೆ ಬರುತ್ತಿದ್ದುದರಲ್ಲೆಲ್ಲ ಉದ್ದವಾದದ್ದನ್ನು ನಿಧಾನವಾಗಿ ಶುರುಮಾಡಿದರು. ಶಿವಲಕ್ಷ್ಮಿ ಗಂಡನಿಗೆ ಕುರ್ಚಿ ತಂದು ಕೊಟ್ಟಳು. ಅವನು "ಇರ್ಲಿ ಬುಡು" ಎಂದು ಚಪ್ಪರದ ಕಂಬಕ್ಕೆ ಒರಗಿ ನಿಂತುಕೊಂಡ.